ಕಾರ್ಡಿನ ನಾಲ್ಕನೇ ಸಾಲು

ಕಳೆದ ವಾರ ನಮ್ಮ ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಹೊಸದಾಗಿ ಬಂದಿರುವ ಕನ್ನಡ ಮೇಡಂ ಒಂದು ಡಬ್ಬದ ಮುಚ್ಚಳ ತೆಗೆದು, ಎರಡು ಚಮಚ ಪುಡಿಯನ್ನು ಬಾಟಲಿಗೆ ಹಾಕಿ ಕುಲುಕತೊಡಗಿದರು. ವೆನಿಲ್ಲಾ ವಾಸನೆ ರೂಮೆಲ್ಲ ಹರಡಿತು. ನನಗೆ ಮೈಯೆಲ್ಲ ಉರಿದುಹೋಯಿತು. "ಅದನ್ನು ಹೊರಗಡೆ ಹೋಗಿ ಕುಡೀರಿ ಮೇಡಂ" ಅಂದುಬಿಟ್ಟೆ. ಅವರು ಪಾಪ, ತಬ್ಬಿಬ್ಬಾಗಿ ಬಾಟಲಿ ಹಿಡಿದುಕೊಂಡು ಎದ್ದು ಹೋದರು. ಸಂಜೆ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕ್ಷಮೆ ಕೇಳಿದೆ, ಕಾರಣ ಮಾತ್ರ ಹೇಳಲಿಲ್ಲ. ಹೇಳಲು ಹೊರಟರೆ ನಂಜನಗೂಡಿನ ಒಂದು ಇಡೀ ಮಳೆಗಾಲವನ್ನು ಹೇಳಬೇಕಾಗುತ್ತದೆ. ಆ ಮಳೆಗಾಲದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯಲಿ ಅಂತ ನಾನು ಬಯಸಿಯೂ ಇಲ್ಲ.

ಆ ವರ್ಷ ಬಿಎಸ್ಸಿ ಮುಗಿಸಿ, ಬಿ.ಎಡ್ ಸೀಟಿಗೆ ಕಾಯುತ್ತ ಮೂಗೂರಿನ ಮನೆಯಲ್ಲಿ ಕೂತಿದ್ದೆ. ನಂಜನಗೂಡಿನಲ್ಲಿದ್ದ ಚಿಕ್ಕಮ್ಮ ಫೋನ್ ಮಾಡಿ, "ಸುಮ್ನೆ ಕೂತು ಏನ್ ಮಾಡ್ತೀಯ, ಇಲ್ಲಿ ಒಂದು ಸೆಂಟರ್ ಓಪನ್ ಆಗದೆ, ಸೈನ್ಸ್ ಓದಿರೋ ಹುಡುಗಿ ಬೇಕಂತೆ, ಬಾ" ಅಂದಳು. ಹೋದೆ. ಬಜಾರು ಬೀದಿಯಲ್ಲಿ ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿ. ಬೋರ್ಡಿನ ಮೇಲೆ ಆರೋಗ್ಯ, ಪೋಷಣೆ ಅಂತ ಏನೇನೋ ದೊಡ್ಡ ಹೆಸರಿತ್ತು, ಊರಿನವರು ಕರೆಯುತ್ತಿದ್ದದ್ದು ಪುಡಿ ಅಂಗಡಿ ಅಂತ. ಬೆಳಗ್ಗೆ ಆರಕ್ಕೆ ತೆರೆದರೆ ಒಂಬತ್ತೂವರೆಗೆ ಮುಚ್ಚುತ್ತಿತ್ತು. ಬಂದವರು ಮೈ ಅಳೆಸಿಕೊಳ್ಳಬೇಕು, ತಿಂಡಿಯ ಬದಲು ಪುಡಿ ಕದಡಿದ ಲೋಟ ಕುಡಿಯಬೇಕು, ನಗುನಗುತ್ತ ಹೋಗಬೇಕು. ನಡೆಸುತ್ತಿದ್ದವರು ಪ್ರಮೀಳಾ ಮೇಡಂ. ಅವರೂ ಒಂದು ಕಾಲಕ್ಕೆ ದಪ್ಪಗಿದ್ದು ಇಳಿದವರೇ. ಗೋಡೆಯ ಮೇಲೆ 'ಮೊದಲು' ಮತ್ತು 'ನಂತರ' ಎಂದು ಬರೆದ ಜೋಡಿ ಫೋಟೋಗಳಲ್ಲಿ ಮೊದಲನೆಯ ಜೋಡಿ ಅವರದ್ದೇ. ಮಾತು ಬೆಣ್ಣೆಯಂಥದ್ದು. ನನಗೆ ಅವರನ್ನು ಕಂಡರೆ ಬಹಳ ಗೌರವವಿತ್ತು, ಅದನ್ನು ಇವತ್ತು ನೆನೆಸಿಕೊಂಡರೆ ನನ್ನ ಮೇಲೆಯೇ ರೇಗುತ್ತದೆ.

ನನ್ನ ಕೆಲಸ ಮಿಷನ್ ನೋಡಿಕೊಳ್ಳುವುದು. ಹತ್ತಿ ನಿಂತು ತೂಕ ನೋಡುವ ಮಿಷನ್ನಿನ ಹಾಗೇ ಇತ್ತು, ಮೇಲೆ ಎರಡು ಸ್ಟೀಲ್ ತಗಡು. ಬರಿಗಾಲಲ್ಲಿ ನಿಂತರೆ ಒಂದು ಪಾದದಿಂದ ಇನ್ನೊಂದು ಪಾದಕ್ಕೆ ಗೊತ್ತೇ ಆಗದಷ್ಟು ಸಣ್ಣ ಕರೆಂಟು ಹರಿಯುತ್ತದೆ. ನೀರಿನಂಶ ಹೆಚ್ಚಿರುವ ಮಾಂಸಖಂಡದಲ್ಲಿ ಅದು ಸಲೀಸಾಗಿ ಹೋಗುತ್ತದೆ, ಕೊಬ್ಬಿನಲ್ಲಿ ತಡೆಯುತ್ತದೆ. ಎಷ್ಟು ತಡೆಯಿತು ಎನ್ನುವುದರ ಮೇಲೆ, ಎತ್ತರ ವಯಸ್ಸು ಸೇರಿಸಿ, ಮೈಯಲ್ಲಿ ಯಾವುದು ಎಷ್ಟಿದೆ ಅಂತ ಮಿಷನ್ ಒಂದು ಅಂದಾಜು ಕಟ್ಟುತ್ತದೆ. ಅಂದಾಜು ಅಷ್ಟೆ. ನಾವು ಅದನ್ನು ವೇದವಾಕ್ಯದ ಹಾಗೆ ಕಾರ್ಡಿಗೆ ಇಳಿಸುತ್ತಿದ್ದೆವು. ಕಾರ್ಡಿನಲ್ಲಿ ಐದು ಸಾಲು: ತೂಕ, ಕೊಬ್ಬು, ಹೊಟ್ಟೆಯ ಕೊಬ್ಬು, ಸ್ನಾಯು, ದೇಹದ ವಯಸ್ಸು. ವಾರಕ್ಕೊಂದು ಸಲ ಅಳತೆ, ಕಾರ್ಡಿನಲ್ಲಿ ವಾರಕ್ಕೊಂದು ಚೌಕದ ಮನೆ ತುಂಬುವುದು.

ನಾಟಿ ಕೆಲಸಕ್ಕೆ ಹೋಗುವ ಹೆಂಗಸರೂ ಒಬ್ಬಿಬ್ಬರು ಬರುತ್ತಿದ್ದರು, ಸೊಂಟನೋವು ಹೋಗುತ್ತದೆ ಅಂತ ಯಾರೋ ಹೇಳಿದ್ದು ಕೇಳಿ. ಅವರ ಹಿಮ್ಮಡಿ ಒಡೆದು ದಡ್ಡುಗಟ್ಟಿರುತ್ತಿತ್ತು. ಆ ದಪ್ಪ ಚರ್ಮ ದಾಟಿ ಕರೆಂಟು ಒಳಗೆ ಹೋಗುವುದೇ ಕಷ್ಟ. ಕಡ್ಡಿಯಂಥ ಹೆಂಗಸಿಗೆ ಮಿಷನ್ನು ಕೊಬ್ಬು ಜಾಸ್ತಿ ಅಂತ ತೋರಿಸುತ್ತಿತ್ತು. ಪ್ರಮೀಳಾ ಮೇಡಂ ತಲೆ ಆಡಿಸಿ, "ನೋಡಿ, ಹೊರಗೆ ತೆಳ್ಳಗಿದ್ದರೂ ಒಳಗೆಲ್ಲ ಕೊಬ್ಬು" ಅನ್ನುತ್ತಿದ್ದರು. ಗದ್ದೆಯಲ್ಲಿ ಬೆಳಗಿನಿಂದ ಸಂಜೆತನಕ ಬಗ್ಗಿ ದುಡಿಯುವ ಹೆಂಗಸು ತನ್ನ ಹೊಟ್ಟೆಯನ್ನು ತಾನೇ ಅಪರಾಧಿಯ ಹಾಗೆ ನೋಡಿಕೊಳ್ಳುತ್ತಿದ್ದಳು. ಫಿಸಿಕ್ಸ್ ಓದಿದ ನಾನು ಪಕ್ಕದಲ್ಲಿ ಪೆನ್ನು ಹಿಡಿದು ನಿಂತಿರುತ್ತಿದ್ದೆ.

ಮಾದೇವಣ್ಣ ಬಂದದ್ದು ಮಳೆ ಶುರುವಾದ ಮೊದಲ ವಾರ. ಹೆಮ್ಮರಗಾಲದವರು, ನಂಜನಗೂಡು ನರಸೀಪುರ ರೂಟಿನ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರು. ಶನಿವಾರ ಮಧ್ಯಾಹ್ನ ನಾನು ಊರಿಗೆ ಹೋಗುತ್ತಿದ್ದದ್ದು ಅವರ ಬಸ್ಸಿನಲ್ಲೇ. ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲೆ ಆ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ, ಆದರೂ ಒಂದು ದಿನವೂ ಅವರು ಮುಖ ಗಂಟುಹಾಕಿಕೊಂಡದ್ದು ನಾನು ಕಂಡಿಲ್ಲ. ಹೊಟ್ಟೆ ಒಂದಿಷ್ಟು ಮುಂದೆ ಬಂದಿತ್ತು. "ಈ ಹೊಟ್ಟೆ ಇಟ್ಕೊಂಡು ಸೀಟಿನ ಸಂದೀಲಿ ತೂರಕಾಗಲ್ಲ ಕಣವ್ವ, ಒಸಿ ಇಳಿಸಿಕೊಡಿ" ಅಂತ ನಗುತ್ತ ಮಿಷನ್ ಹತ್ತಿದರು. ಎಂಬತ್ತನಾಲ್ಕು ಕಿಲೋ. ಕೊಬ್ಬು ನೂರಕ್ಕೆ ಮೂವತ್ತು, ಸ್ನಾಯು ಮೂವತ್ತೊಂದು. ಬರೆದವಳು ನಾನೇ.

ಸೇರಿದವರಿಗೆಲ್ಲ ನಾವು ಹೇಳಿಕೊಡುತ್ತಿದ್ದ ಮೊದಲ ಪಾಠ ನೀರು. ದಿನಕ್ಕೆ ನಾಲ್ಕು ಲೀಟರ್ ಕುಡಿಯಬೇಕು. ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ಹೆದರಬಾರದು, ಕೊಬ್ಬು ಕರಗಿ ಹೋಗುತ್ತಿದೆ ಅಂತ ತಿಳಿಯಬೇಕು. ಮೊದಮೊದಲು ಸುಸ್ತಾಗುತ್ತದೆ, ಅದು ಮೈಯಲ್ಲಿದ್ದ ವಿಷ ಹೊರಗೆ ಬರುವ ಲಕ್ಷಣ. ಈಗ ಇದನ್ನು ಸಕ್ಕರೆ ಕಾಯಿಲೆ ಗೊತ್ತಿರುವ ಯಾರಾದರೂ ಓದಲಿ. ಬಾಯಾರಿಕೆ, ಪದೇ ಪದೇ ಮೂತ್ರ, ಸುಸ್ತು, ಸುಮ್ಮನೆ ಇಳಿಯುವ ತೂಕ. ಡಾಕ್ಟರು ಯಾವ ನಾಲ್ಕು ಪ್ರಶ್ನೆ ಕೇಳಿ ಕಾಯಿಲೆ ಹಿಡಿಯುತ್ತಾರೋ ಆ ನಾಲ್ಕಕ್ಕೂ ನಾವು ಮೊದಲೇ ಉತ್ತರ ಬರೆದುಕೊಟ್ಟು ಕೂತಿದ್ದೆವು. ಆ ಮನುಷ್ಯನಿಗೆ ಸಕ್ಕರೆ ಎಷ್ಟೋ ವರ್ಷದಿಂದ ಒಳಗೊಳಗೇ ಇತ್ತು. ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ, ಕೇಳಬೇಕು ಅಂತಲೂ ನಮಗೆ ಅನ್ನಿಸಲಿಲ್ಲ.

ತೂಕ ಇಳಿಯಿತು. ಬೇರೆಯವರಿಗೆ ವಾರಕ್ಕೆ ಅರ್ಧ ಕಿಲೋ ಇಳಿದರೆ ಇವರಿಗೆ ಒಂದು, ಒಂದೂವರೆ. ಶನಿವಾರ ಹೆಚ್ಚು ಇಳಿದವರನ್ನು ಮುಂದೆ ನಿಲ್ಲಿಸಿ, ಹೆಗಲಿಗೆ ಅಡ್ಡವಾಗಿ ಮಿರಿಮಿರಿ ಪಟ್ಟಿ ಹಾಕಿ, ಎಲ್ಲರೂ ಚಪ್ಪಾಳೆ ಹೊಡೆಯುವ ಪದ್ಧತಿಯಿತ್ತು. ಸತತ ನಾಲ್ಕು ಶನಿವಾರ ಆ ಪಟ್ಟಿ ಮಾದೇವಣ್ಣನಿಗೇ ಹೋಯಿತು. ಗೋಡೆಗೆ ಫೋಟೋ ಏರಿತು. ಡಿಪೋದ ಡ್ರೈವರು, ಕಂಡಕ್ಟರು ಅಂತ ಏಳೆಂಟು ಜನರನ್ನು ಅವರೇ ಕರೆದುಕೊಂಡು ಬಂದು ಸೇರಿಸಿದರು. ಬಸ್ಸಿನಲ್ಲಿ ಅವರ ಬಗಲಲ್ಲಿ ಟಿಕೆಟ್ ಮಿಷನ್ನಿನ ಜೊತೆ ಎರಡು ಲೀಟರಿನ ಬಾಟಲಿ ನೇತಾಡುತ್ತಿತ್ತು. ನರಸೀಪುರ ಮುಟ್ಟುವುದರೊಳಗೆ ಎರಡು ಕಡೆ ಬಸ್ ನಿಲ್ಲಿಸಿ ಇಳಿದು ಓಡುತ್ತಿದ್ದರು. ಜನ ಒಳಗಿನಿಂದ ಕೂಗುತ್ತಿದ್ದರು, "ಏ ಕಂಡಕ್ಟ್ರೇ, ಅದೇನ್ ಸಾ ದಾರಿ ಉದ್ದಕ್ಕೂ ಇಳೀತೀರಾ?" ಅವರು ಹತ್ತಿಕೊಂಡು, "ಕೊಬ್ಬು ಕರಗ್ತಾ ಅದೆ ಕಣ್ರಪ್ಪ, ತಡೀರಿ" ಅನ್ನುತ್ತಿದ್ದರು. ಇಡೀ ಬಸ್ಸು ನಗುತ್ತಿತ್ತು, ನಾನೂ ನಕ್ಕಿದ್ದೇನೆ.

ನಮ್ಮ ಕಡೆ ಹಳ್ಳಿಗಳಲ್ಲಿ ಯಾರಾದರೂ ಸೊರಗಿದಂತೆ ಕಂಡರೆ, ದಾರಿಯಲ್ಲಿ ನಿಲ್ಲಿಸಿ ಕೇಳುವುದು ರೂಢಿ. "ಯಾಕ್ಲಾ ಇಂಗ್ ಇಳಿದೋಗಿದ್ದೀಯ, ಉಸಾರಾಗಿಲ್ವಾ?" ಅಂತ. ಓದಿದವರಿಗೆ ಅದು ಅಧಿಕಪ್ರಸಂಗ ಅನ್ನಿಸುತ್ತದೆ, ಆದರೆ ಎಷ್ಟೋ ಕಾಯಿಲೆ ಮೊದಲು ಗೊತ್ತಾಗುವುದು ಹಾಗೆ ಕೇಳುವ ಬಾಯಿಗಳಿಂದಲೇ. ಹೆಮ್ಮರಗಾಲದಲ್ಲಿ ಮಾದೇವಣ್ಣನನ್ನೂ ಕೇಳಿದರಂತೆ. ಅವರ ಹೆಂಡತಿ ಶಿವಮ್ಮಕ್ಕ ಅಂತೂ ದಿನಾ ಕೇಳುತ್ತಿದ್ದರು. ಅವರೆಲ್ಲರಿಗೂ ಮಾದೇವಣ್ಣ ಜೇಬಿನಿಂದ ಕಾರ್ಡು ತೆಗೆದು ತೋರಿಸುತ್ತಿದ್ದರು. ಪ್ರಿಂಟಾದ ಕಾರ್ಡು, ಸೈನ್ಸ್ ಓದಿದ ಹುಡುಗಿಯ ಅಕ್ಷರ. ಕೇಳಿದವರು ಸುಮ್ಮನಾಗುತ್ತಿದ್ದರು.

ಆಷಾಢದಲ್ಲಿ ಕಬಿನಿ ಡ್ಯಾಮಿನಿಂದ ನೀರು ಬಿಟ್ಟರು. ಕಪಿಲಾ ಹೊಳೆ ಏರಿ, ದಡದ ಹದಿನಾರು ಕಾಲು ಮಂಟಪ ಮುಳುಗಿತೋ ಇಲ್ಲವೋ ಅಂತ ಜನ ಕೊಡೆ ಹಿಡಿದು ನೋಡಲು ಹೋಗುತ್ತಿದ್ದರು. ಬೆಳಗಿನ ಥಂಡಿಗೆ ಮಿಷನ್ನಿನ ಸ್ಟೀಲು ಐಸಿನಂತಾಗಿರುತ್ತಿತ್ತು. ಹತ್ತಿದವರೆಲ್ಲ 'ಸ್ಸ್' ಅಂತ ಕಾಲು ಎಳೆದುಕೊಳ್ಳುತ್ತಿದ್ದರು. ಮಾದೇವಣ್ಣ ಮಾತ್ರ ಆರಾಮಾಗಿ ನಿಂತು, "ನಂಗೇನೂ ತಣ್ಣಗೆ ಅನ್ಸಲ್ಲಪ್ಪ, ನಿಮ್ ಮಿಷನ್ ಬೆಚ್ಚಗದೆ" ಅಂದರು. ಪ್ರಮೀಳಾ ಮೇಡಂ ತಕ್ಷಣ ಎಲ್ಲರಿಗೂ ಕೇಳುವಂತೆ, "ನೋಡಿ, ಅವರ ಮೈಯಲ್ಲಿ ಎನರ್ಜಿ ಹೇಗೆ ಬಂದಿದೆ!" ಅಂದರು. ಎನರ್ಜಿಯಲ್ಲ, ಅವರ ಪಾದಗಳು ಸ್ಪರ್ಶ ಕಳೆದುಕೊಂಡಿದ್ದವು. ಅದನ್ನು ನಾನು ಆಮೇಲೆ ತಿಳಿದುಕೊಂಡೆ.

ಆದರೆ ಒಂದು ವಿಷಯ ನಾನು ಆಗಲೇ ತಿಳಿದುಕೊಂಡಿದ್ದೆ. ಹತ್ತನೇ ವಾರ ಬರೆಯುವಾಗ ಹಿಂದಿನ ಮನೆಗಳ ಮೇಲೆ ಕಣ್ಣಾಡಿಸಿದೆ. ತೂಕ ದಬದಬನೆ ಇಳಿದಿತ್ತು, ಕೊಬ್ಬಿನ ಸಾಲು ಮಾತ್ರ ನಿಂತಲ್ಲೇ ನಿಂತಿತ್ತು. ನಾಲ್ಕನೇ ಸಾಲು, ಸ್ನಾಯುವಿನದ್ದು, ವಾರವಾರವೂ ಇಳಿಯುತ್ತಿತ್ತು. ಮೇಡಂ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ, "ಇವರಿಗೆ ಕೊಬ್ಬಿಗಿಂತ ಸ್ನಾಯು ಹೆಚ್ಚು ಹೋಗ್ತಿದೆ ಮೇಡಂ. ಡಾಕ್ಟರಿಗೆ ತೋರಿಸಿ ಅಂತ ಹೇಳೋಣ್ವಾ?"

ಅವರು ನಗುನಗುತ್ತಲೇ ಕೇಳಿದರು, "ನೀನು ಡಾಕ್ಟರಾ?"

"ಅಲ್ಲ."

"ಹಾಗಾದರೆ ಸ್ನಾಯು ಕಮ್ಮಿಯಾದರೆ ಏನು ಕೊಡಬೇಕು ಅಂತ ಟ್ರೈನಿಂಗಿನಲ್ಲಿ ಹೇಳಿಕೊಟ್ಟಿಲ್ವಾ? ಪ್ರೋಟೀನ್ ಡಬ್ಬ ಇನ್ನೊಂದು ಸೇರಿಸು. ಹೆದರಿಸಿ ಓಡಿಸಬೇಡ ಜನರನ್ನ."

ಸೇರಿಸಿದೆ. ನನ್ನ ಕೈಯಾರೆ ಡಬ್ಬ ಎತ್ತಿ ಮಾದೇವಣ್ಣನ ಕೈಗೆ ಕೊಟ್ಟೆ. ಅವರು "ತಂಗ್ಯವ್ವ ಕೊಟ್ರೆ ಕುಡಿಯೋದೇಯ" ಅಂದರು. ಒಂದು ಮಾತು ಅವತ್ತು ನನ್ನ ಬಾಯಿಂದ ಹೊರಟಿದ್ದರೆ ಸಾಕಿತ್ತು. ಬೈಸಿಕೊಳ್ಳುವ ಭಯ, ಒಳ್ಳೆಯವಳು ಅನ್ನಿಸಿಕೊಳ್ಳುವ ಚಪಲ ನನ್ನ ಬಾಯಿ ಕಟ್ಟಿದವು.

ಶ್ರಾವಣದಲ್ಲಿ ಒಂದು ದಿನ ಮಳೆಯಲ್ಲಿ ಡ್ಯೂಟಿ ಮಾಡುವಾಗ ಅವರ ಒದ್ದೆ ಶೂ ಒಳಗೆ ಜಲ್ಲಿಕಲ್ಲಿನ ಚೂರೊಂದು ಸೇರಿಕೊಂಡಿತ್ತು. ಬೆಳಗಿನಿಂದ ಸಂಜೆತನಕ ಅದರ ಮೇಲೇ ನಿಂತಿದ್ದಾರೆ, ಗೊತ್ತೇ ಆಗಿಲ್ಲ. ಮನೆಗೆ ಹೋಗಿ ಶೂ ಬಿಚ್ಚಿದಾಗ ಕಾಲುಚೀಲ ಕೆಂಪಗಾಗಿತ್ತಂತೆ. ಹದಿನಾಲ್ಕನೇ ವಾರದ ಅಳತೆಗೆ ಬಲಗಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಕುಂಟುತ್ತ ಮೆಟ್ಟಿಲು ಹತ್ತಿ ಬಂದರು. ಬ್ಯಾಂಡೇಜ್ ಇದ್ದರೆ ಕರೆಂಟು ಹರಿಯುವುದಿಲ್ಲ. "ಒಂದು ನಿಮಿಷ ಬಿಚ್ಚಿ ನಿಲ್ಲಿಸು, ರೀಡಿಂಗ್ ತಪ್ಪಬಾರದು" ಅಂದರು ಮೇಡಂ. ನಾನು ನೆಲದ ಮೇಲೆ ಕೂತು ಬಿಚ್ಚಿದೆ. ಪಾದದ ಅಡಿ ಕಪ್ಪಗಾಗಿ ನೀರು ಒಸರುತ್ತಿತ್ತು. ಕೆಟ್ಟ ವಾಸನೆ ಬಂದಿರಲೇಬೇಕು, ನನಗೆ ತಿಳಿಯಲಿಲ್ಲ. ಪಕ್ಕದ ಮೇಜಿನಲ್ಲಿ ಹತ್ತು ಲೋಟ ವೆನಿಲ್ಲಾ ಕದಡಿ ಇಟ್ಟಿದ್ದರು. ಆ ಕಾಲನ್ನು ಸ್ಟೀಲಿನ ಮೇಲೆ ಇಡಿಸಿ ಅಳೆದೆ. ಎಪ್ಪತ್ತೊಂದು ಕಿಲೋ. ಚಪ್ಪಾಳೆ ಬಿತ್ತು.

ಮುಂದಿನ ವಾರ ಅವರು ಬರಲಿಲ್ಲ. ಅವರೇ ಸೇರಿಸಿದ್ದ ಡ್ರೈವರೊಬ್ಬರು ಬಂದು, "ಮಾದೇವನ್ನ ಮೈಸೂರಿಗೆ ತಕ್ಕೊಂಡೋದ್ರು. ಶುಗರ್ ಮಿಷನ್ನಿಗೇ ಸಿಗ್ತಿಲ್ವಂತೆ, ಅಷ್ಟ್ ಮೇಲ್ಕೋಗದೆ" ಅಂದರು. ಎರಡು ದಿನ ಬಿಟ್ಟು ಆಸ್ಪತ್ರೆಗೆ ಹೋದೆ. ಅಷ್ಟರಲ್ಲಿ ಬಲಗಾಲನ್ನು ಮಂಡಿಯ ಕೆಳಗೆ ತೆಗೆದಿದ್ದರು. ವಾರ್ಡಿನ ಹೊರಗೆ ಶಿವಮ್ಮಕ್ಕ ಗೋಡೆಗೆ ಒರಗಿ ಕೂತಿದ್ದರು. ನನ್ನ ಗುರುತು ಅವರಿಗಿರಲಿಲ್ಲ. ಯಾರೋ ಬಸ್ಸಿನ ಹುಡುಗಿ ಅಂದುಕೊಂಡು ಹೇಳಿದರು, "ಮೂರು ತಿಂಗಳ ಮುಂಚೆ ಕರ್ಕೊಂಬಂದಿದ್ರೆ ಕಾಲು ಉಳೀತಿತ್ತು ಅಂತಾರೆ ಕಣವ್ವ ಡಾಕ್ಟ್ರು. ಇಳಿದೋಗ್ತಿದ್ದದ್ದು ಕಾಣ್ನಿಲ್ವಾ ಅಂತ ನಂಗೇ ಬಯ್ತಾರೆ. ಕಾಣ್ತಿತ್ತು. ಅದ್ನ ಉಸಾರಾಗ್ತಾ ಅವ್ನೆ ಅಂದ್ಕೊಂಡ್ವಲ್ಲಾ."

ವಾಪಸು ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಮೂವತ್ತೊಂದರಿಂದ ಇಪ್ಪತ್ತೇಳಕ್ಕೆ ಇಳಿದಿತ್ತು ಸ್ನಾಯು, ಕಾರ್ಡಿನಲ್ಲಿ ನೋಡಿದರೆ ನಾಲ್ಕೇ ನಾಲ್ಕು. ಆದರೆ ಅದು ನೂರಕ್ಕೆ ಇಷ್ಟು ಅನ್ನುವ ಲೆಕ್ಕ. ತೂಕದಿಂದ ಗುಣಿಸಿದರೆ ಮೊದಲ ವಾರ ಇಪ್ಪತ್ತಾರು ಕಿಲೋ ಸ್ನಾಯು ಇದ್ದ ಮೈಯಲ್ಲಿ ಕೊನೆಯ ವಾರ ಹತ್ತೊಂಬತ್ತು. ಹೆಚ್ಚುಕಡಿಮೆ ಏಳು ಕಿಲೋ ಮಾಂಸ ಹದಿನಾಲ್ಕು ವಾರದಲ್ಲಿ ಆ ಮನುಷ್ಯನಿಂದ ಕರಗಿ ಹೋಗಿತ್ತು. ಅಂದಾಜಿನ ಮಿಷನ್ನು ಕೂಡ ಅದನ್ನು ವಾರವಾರವೂ ಹೇಳಿತ್ತು. ಹೈಸ್ಕೂಲು ಮಕ್ಕಳಿಗೆ ಬರುವ ಗುಣಾಕಾರ ಅದು.

ಮರುದಿನವೇ ಕೆಲಸ ಬಿಟ್ಟೆ ಅಂತ ಬರೆಯಲು ಆಸೆ. ಸುಳ್ಳು ಯಾಕೆ? ಇನ್ನೂ ಐದು ದಿನ ಹೋದೆ. ಪ್ರಮೀಳಾ ಮೇಡಂ ಎಲ್ಲರನ್ನೂ ಕೂರಿಸಿಕೊಂಡು, "ಪಾಪ, ಅವರಿಗೆ ಶುಗರ್ ಇದ್ದದ್ದನ್ನು ನಮ್ಮ ಹತ್ತಿರ ಮುಚ್ಚಿಟ್ಟಿದ್ದರು" ಅಂದರು. ಆ ಮಾತಿಗೆ ಎದ್ದೆ, ಕೆಳಗೆ ಇಳಿದೆ, ಮತ್ತೆ ಕೆಲಸಕ್ಕೆ ಹೋಗಲಿಲ್ಲ.

ದಸರೆ ಕಳೆದು ಮಳೆ ಹಿಂದೆ ಸರಿದ ಮೇಲೆ ಹೆಮ್ಮರಗಾಲಕ್ಕೆ ಹೋದೆ. ಮಾದೇವಣ್ಣ ಜಗುಲಿಯ ಮೇಲೆ ಕೂತಿದ್ದರು, ಪಂಚೆಯ ಒಂದು ಬದಿ ಮಡಿಚಿತ್ತು. ನಾನು ಯಾರು ಅಂತ ಅವರು ಹೆಂಡತಿಗೆ ಹೇಳಿದರು. ಶಿವಮ್ಮಕ್ಕ ಒಳಗೆ ಹೋಗಿ ಪ್ಲಾಸ್ಟಿಕ್ ಕವರಿನಿಂದ ಕಾರ್ಡು ತೆಗೆದು ತಂದು ನನ್ನ ಮುಂದೆ ಹಿಡಿದರು.

"ನೀನೇ ಬರ್ದದ್ದಾ ಇದು?"

"ಹೂಂ ಅಕ್ಕ."

"ಓದು. ನಂಗೆ ಓದಾಕೆ ಬರಲ್ಲ. ಏನ್ ಬರ್ದಿದ್ದೀಯ ಎಲ್ಲಾನೂ ಓದು."

ಓದಿದೆ. ನಾಲ್ಕನೇ ಸಾಲು ಮುಗಿದಾಗ ಶಿವಮ್ಮಕ್ಕ ತಡೆದರು. ಅದರ ಅರ್ಥ ಏನು ಅಂತ ಕೇಳಿದರು. ಹೇಳಿದೆ. ಅದು ಇಳಿಯುತ್ತಿರುವುದು ಹತ್ತನೇ ವಾರದಲ್ಲೇ ನನ್ನ ಕಣ್ಣಿಗೆ ಬಿದ್ದಿತ್ತು, ಸುಮ್ಮನಾದೆ ಅಂತಲೂ ಹೇಳಿದೆ.

"ನಾನು ಓದ್ದೆ ಇರೋಳು, ಕಾರ್ಡಲ್ಲಿರೋದು ಕಾಣ್ನಿಲ್ಲ" ಅಂದರು ಶಿವಮ್ಮಕ್ಕ. "ನಿಂಗೆ ಕಾಣ್ತಿತ್ತು. ಕಂಡೂ ಸುಮ್ನಿದ್ಯಲ್ಲಾ, ಯಾವ ಓದು ಓದ್ದೆ ನೀನು?" ಅವರು ಕೂಗಿ ಹೇಳಿದ್ದರೆ ನನಗೆ ಹಗುರಾಗುತ್ತಿತ್ತು. ಕೂಗಲಿಲ್ಲ, ಕಾರ್ಡನ್ನು ನನ್ನ ಕೈಯಲ್ಲೇ ಬಿಟ್ಟು ಒಳಗೆ ಹೋದರು.

ಮಾದೇವಣ್ಣ ಪಂಚೆಯ ಮಡಿಕೆ ಸರಿಮಾಡಿಕೊಂಡರು. ಆಮೇಲೆ, "ನನ್ ಕಾಲು ಓಯ್ತು, ಬುಡು ಅತ್ಲಾಗೆ. ಡಿಪೋದೋರ್ನ ನಾನೇ ಸೇರ್ಸಿದ್ನಲ್ಲ ಕಣವ್ವ, ಅದು ನಿದ್ದೆ ಮಾಡಾಕೆ ಬುಡಲ್ಲ" ಅಂದರು. "ಓಗು. ಅಲ್ಲೇ ನಿಂತ್ಕಂಡು, ಎಲ್ಲಾರ್ ಮುಂದೆ ಈ ಕಾರ್ಡ್ ಓದು. ನಂಗೆ ಓದಿ ಹೇಳ್ನಿಲ್ವಲ್ಲ, ಅವರ್ಗಾದ್ರೂ ಓದಿ ಹೇಳು."

ಶನಿವಾರ ಬೆಳಗ್ಗೆ ಏಳು ಗಂಟೆಗೆ ಪುಡಿ ಅಂಗಡಿಗೆ ಹೋದೆ. ಇಪ್ಪತ್ತು, ಇಪ್ಪತ್ತೈದು ಜನ ಇದ್ದರು. ಡಿಪೋದವರೂ ನಾಲ್ಕು ಜನ ಕೂತಿದ್ದರು. ಗೋಡೆಯ ಮೇಲೆ ಮಾದೇವಣ್ಣನ ಫೋಟೋ ಹಾಗೇ ಇತ್ತು, ಎರಡು ಕಾಲಿನ ಮೇಲೆ ನಿಂತು ನಗುತ್ತಿದ್ದರು. ಅದನ್ನು ಕಂಡದ್ದೇ ನನಗೆ ಇದ್ದಬದ್ದ ಅಂಜಿಕೆಯೆಲ್ಲ ಹಾರಿಹೋಯಿತು. ಮಿಷನ್ನಿನ ಪಕ್ಕ, ನನ್ನ ಹಳೆಯ ಜಾಗದಲ್ಲೇ ನಿಂತು, ಆ ಫೋಟೋ ತೋರಿಸಿ, "ಇದು ಇವರ ಕಾರ್ಡು, ಓದ್ತೀನಿ ಕೇಳಿ" ಅಂದೆ. ಮೊದಲ ವಾರದಿಂದ ಹದಿನಾಲ್ಕನೇ ವಾರದವರೆಗೆ ನಾಲ್ಕನೇ ಸಾಲು ಒಂದನ್ನೇ ಓದಿದೆ. ಏಳು ಕಿಲೋ ಮಾಂಸ ಅಂದೆ. ಬಾಯಾರಿಕೆ, ಮೂತ್ರ, ಸುಸ್ತು ಅಂದೆ. ಕಾಲು ತೆಗೆದಿದ್ದಾರೆ, ಇವತ್ತೇ ಹೋಗಿ ಎಲ್ಲರೂ ರಕ್ತ ಪರೀಕ್ಷೆ ಮಾಡಿಸಿ ಅಂದೆ.

ಪ್ರಮೀಳಾ ಮೇಡಂ ಮುಖದ ನಗು ಹೋಗಿತ್ತು. "ಶುಗರ್ ನಮ್ಮ ಪುಡಿಯಿಂದ ಬಂತಾ? ಹೇಳು, ಎಲ್ಲರ ಮುಂದೆ ಹೇಳು."

"ಇಲ್ಲ" ಅಂದೆ. "ಪುಡಿಯಿಂದ ಬರಲಿಲ್ಲ. ಮೊದಲೇ ಇತ್ತು. ಅದು ಆ ಮನುಷ್ಯನನ್ನ ತಿಂತಿದ್ದಾಗ ನಾವು ಚಪ್ಪಾಳೆ ಹೊಡೀತಿದ್ವಿ, ಅಷ್ಟೆ."

ಡಿಪೋದ ಡ್ರೈವರೊಬ್ಬರು ಲೋಟ ಕೆಳಗಿಟ್ಟು ಎದ್ದರು. ಕೊನೆಯ ಬೆಂಚಿನಿಂದ ಒಬ್ಬ ಹೆಂಗಸು ಮುಂದೆ ಬಂದಳು. ನಲವತ್ತರ ಆಸುಪಾಸು, ರವಿಕೆಯ ತೋಳು ಸಡಿಲವಾಗಿ ಜೋತಾಡುತ್ತಿತ್ತು. ಸೆರಗಿನ ಗಂಟಿನಿಂದ ತನ್ನ ಕಾರ್ಡು ಬಿಚ್ಚಿ ನನ್ನ ಕೈಗಿಟ್ಟು, "ನಂಗೂ ಬೋ ದಾಹ ಕಣವ್ವ. ಆ ನಾಕ್ನೇ ಸಾಲು ನಂದೂ ಒಸಿ ಓದು" ಅಂದಳು.

ಕಾರ್ಡು ಹೊಸದು, ಬಣ್ಣದ ದಪ್ಪ ಕಾಗದ, ನಾನು ಬಿಟ್ಟ ಮೇಲೆ ಪ್ರಿಂಟ್ ಮಾಡಿಸಿದ್ದು. ತೂಕ ಅಂತ ಇತ್ತು. ಕೊಬ್ಬು ಅಂತ ಇತ್ತು. ಹೊಟ್ಟೆಯ ಕೊಬ್ಬು ಅಂತ ಇತ್ತು. ನಾಲ್ಕನೇ ಸಾಲಿನಲ್ಲಿ ದೇಹದ ವಯಸ್ಸು ಅಂತ ಇತ್ತು. ಅದರ ಕೆಳಗೆ ಇನ್ನು ಸಾಲೇ ಇರಲಿಲ್ಲ, ಸ್ನಾಯು ಅಂತ ಎಲ್ಲೂ ಇರಲಿಲ್ಲ. ನಾನು ತಲೆ ಎತ್ತಿ ಪ್ರಮೀಳಾ ಮೇಡಂ ಮುಖ ನೋಡಿದೆ. ಅವರು ಕಿಟಕಿಯ ಕಡೆ ತಿರುಗಿದರು.

"ಯಾಕವ್ವ ಸುಮ್ನಾದೆ?" ಅಂದಳು ಹೆಂಗಸು. "ಚೆನ್ನಾಗದಾ ನಂದು?"